ನನ್ನ ಹೆಸರಿನಲ್ಲಿ ಮಲಗಿರುವ ವೈನ್

ಕುವೈತಿನಲ್ಲಿ ಹೆಂಡದ ಬಾಟಲಿ ಕೈಯಲ್ಲಿ ಸಿಕ್ಕರೆ ಜೈಲು. ಅದೇ ಊರಿನಲ್ಲಿ ಕೂತು, ಟೈಲ್ಸಿನ ಪುಡಿ ಮೆತ್ತಿದ ಬೆರಳಿನಿಂದ, ನಾನು ಲಂಡನ್ನಿನ ಏಲಂನಲ್ಲಿ ಹಳೇ ವೈನ್ ಕೊಳ್ಳುತ್ತಿದ್ದೆ. ಕುಡಿಯುವವನು ನಾನಲ್ಲ, ನನಗೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ನನ್ನ ಕಫೀಲ್ ಬು ನಾಸರ್.

ರಾಯ್ ಎಂಬ ಬಡಾವಣೆಯಲ್ಲಿ ಅವನದು ದೊಡ್ಡ ಟೈಲ್ಸ್ ಶೋರೂಮ್. ನಾನು ಹಿಂದಿನ ಶೆಡ್ಡಿನಲ್ಲಿ ಟೈಲ್ಸ್ ಕತ್ತರಿಸುವವನು. ಬಂದ ದಿನವೇ ನನ್ನ ಪಾಸ್‌ಪೋರ್ಟ್ ಅವನ ಕಬ್ಬಿಣದ ಕಪಾಟು ಸೇರಿತ್ತು. ಎರಡನೇ ವರ್ಷ ಒಳಗೆ ಕರೆದು, ನೀನು ಕ್ರಿಶ್ಚಿಯನ್ ಅಲ್ಲವಾ, ಹಾಗಾದರೆ ವೈನ್ ಗೊತ್ತಿರಬೇಕು ಎಂದ. ನನಗೆ ಗೊತ್ತಿದ್ದದ್ದು ಕ್ರಿಸ್‌ಮಸ್ಸಿಗೆ ಅಮ್ಮ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದು ಮಾತ್ರ. ಆದರೆ ಅವನಿಗೆ ಬೇಕಾದದ್ದು ನನ್ನ ತಿಳುವಳಿಕೆಯಲ್ಲ, ಹೆಸರು. ಅವನ ಹೆಸರಿಗೆ ವೈನಿನ ಒಂದು ಕಾಗದ ಬಂದರೂ ಅವನ ಅಣ್ಣ ಗಂಡಸರು ಸೇರುವ ದಿವಾನಿಯಾದಲ್ಲಿ ಎಲ್ಲರೆದುರು ಮಾನ ತೆಗೆಯುತ್ತಿದ್ದ. ಕ್ಲೇಟನ್ ಲೋಬೊ ಎಂಬ ಹೆಸರಿಗೆ ಬಂದರೆ ಯಾರೂ ತಿರುಗಿ ನೋಡುವುದಿಲ್ಲ.

ನನ್ನ ಪಾಸ್‌ಪೋರ್ಟಿನ ನಕಲು ಕಳಿಸಿ ಅಕೌಂಟ್ ಮಾಡಿಸಿದ. ಹಣ ಅವನ ಲಂಡನ್ ಬ್ಯಾಂಕಿನದು. ಗೆದ್ದ ವೈನ್ ಅಲ್ಲಿಯೇ ಒಂದು ತಣ್ಣನೆಯ ಗೋದಾಮಿನಲ್ಲಿ, ನನ್ನ ಹೆಸರಿನಲ್ಲಿ ಮಲಗುತ್ತಿತ್ತು. ಬೇಸಿಗೆಯಲ್ಲಿ ಅವನು ಹೋಗಿ ಕುಡಿಯುತ್ತಿದ್ದ. ಒಂದೊಂದು ಬಾಟಲಿ ಹೊರಬರಲೂ ಇಲ್ಲಿಂದ ನನ್ನ ಸಹಿ ಹೋಗಬೇಕಿತ್ತು.

ಇತ್ತ ನನ್ನ ಮದುವೆ ಎರಡು ಸಲ ಮುಂದೆ ಹೋಗಿತ್ತು. ಎರಡು ಸಲವೂ ಬು ನಾಸರ್ ರಜೆ ಕೊಡುತ್ತೇನೆಂದು ಹೇಳಿ ಕಪಾಟು ತೆರೆಯಲಿಲ್ಲ. ಮೂರನೇ ಸಲ, ೨೦೧೦ರ ಜನವರಿಯ ಮೊದಲ ವಾರ ಎಂದು ನಿಶ್ಚಯವಾಯಿತು. ನಾನು ಮದುವೆಯಾಗಬೇಕಿದ್ದ ಐವಿ ಫೋನಿನಲ್ಲಿ ಅಳಲಿಲ್ಲ. ಈ ಸಲವೂ ನೀನು ಬಾರದಿದ್ದರೆ ಅಪ್ಪ ಬೇರೆ ಕಡೆ ಮಾತು ಕೊಡುತ್ತಾರೆ, ನಾನು ಬೇಡ ಅನ್ನುವುದಿಲ್ಲ ಎಂದಳು. ಅತ್ತಿದ್ದರೆ ಒಳ್ಳೆಯದಿತ್ತು.

ಡಿಸೆಂಬರಿನ ಏಲಂನಲ್ಲಿ ಒಂದು ಪೆಟ್ಟಿಗೆ ಬಂತು. ೧೯೮೬ರ ಫ್ರೆಂಚ್ ಕೆಂಪು ವೈನ್, ಮೊಳೆ ಕೂಡ ಕೀಳದ ಮರದ ಪೆಟ್ಟಿಗೆ. ಬು ನಾಸರ್‌ನ ಮಗ ನಾಸರ್ ಹುಟ್ಟಿದ ವರ್ಷ ಅದು. ನಾನು ಹುಟ್ಟಿದ ವರ್ಷವೂ ಅದೇ, ಅದನ್ನು ಯಾರೂ ಕೇಳಲಿಲ್ಲ. ಪರದೆಯ ಮೇಲಿನ ವಿವರವನ್ನು ನನ್ನಿಂದಲೇ ಓದಿಸಿದ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಬಾಟಲಿಗಳಲ್ಲಿ ವೈನ್ ಕತ್ತಿನವರೆಗೂ ತುಂಬಿದೆ, ಈಗಲೂ ಕುಡಿಯಬಹುದು, ಇನ್ನು ಹತ್ತು ವರ್ಷ ಮಲಗಿಸಿದರೆ ಅತ್ಯುತ್ತಮ. ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಎಲ್ಲಿಯವರೆಗೆ ಏರಬಹುದೆಂದು ಮಿತಿ ಹೇಳಿದ. ಪೆಟ್ಟಿಗೆ ತಂದುಕೊಡು, ಪಾಸ್‌ಪೋರ್ಟ್ ತೆಗೆದುಕೊಂಡು ಮದುವೆಗೆ ಹೋಗು ಎಂದ. ಊಟ ಮಾಡಿ ಮಲಗಲು ಮನೆಗೆ ಹೋದ. ಆ ಹೊತ್ತಿನಲ್ಲಿ ಅವನ ಫೋನ್ ಬಂದ್.

ಮಧ್ಯಾಹ್ನ ಶೋರೂಮಿನ ಶಟರ್ ಎಳೆದು ಅವನ ಕುರ್ಚಿಯಲ್ಲಿ ಕೂತೆ. ಈ ಏಲಂನಲ್ಲಿ ಕೂಗುವವರ ಮುಖ ಕಾಣುವುದಿಲ್ಲ, ನಂಬರು ಮಾತ್ರ. ಕೊನೇ ಗಳಿಗೆಯಲ್ಲಿ ಯಾರಾದರೂ ಏರಿಸಿದರೆ ಗಡಿಯಾರ ಐದು ನಿಮಿಷ ಮುಂದಕ್ಕೆ ಹೋಗುತ್ತದೆ. ಮೊದಮೊದಲು ತುಂಬಾ ನಂಬರುಗಳಿದ್ದವು. ಬರಬರುತ್ತ ಒಂದೇ ಉಳಿಯಿತು. ನಾನು ಏರಿಸಿದರೆ ಅದೂ ಏರಿಸುತ್ತಿತ್ತು, ತಕ್ಷಣವೇ, ಹಸಿದವನ ಹಾಗೆ. ನಮ್ಮೂರ ಇಗರ್ಜಿಯ ಹಬ್ಬದಲ್ಲಿ ಕುಂಬಳಕಾಯಿ ಏಲಂ ಹಾಕುವಾಗ ನೆರೆಯವನನ್ನು ಕೆಣಕಲು ಹೀಗೆಯೇ ಏರಿಸುತ್ತಾರೆ. ಆದರೆ ಇದು ಕೆಣಕುವ ಕೈಯಾಗಿರಲಿಲ್ಲ. ಮಿತಿ ಬಂತು, ನಾನು ಒತ್ತಿದೆ. ಮಿತಿ ದಾಟಿತು, ಮತ್ತೆ ಒತ್ತಿದೆ. ಐವಿಯ ಅಪ್ಪನ ಮುಖವೇ ಆ ನಂಬರಾಗಿ ಕಾಣುತ್ತಿತ್ತು.

ಆಗ ಮ್ಯಾನೇಜರ್ ಕಾಸಿಂ ಕುಂಞಿ ಹಿಂದಿನ ಬಾಗಿಲಿನಿಂದ ಬಂದರು. ಈ ವ್ಯವಹಾರ ಗೊತ್ತಿದ್ದೂ ಪರದೆ ಕಡೆ ನೋಡದವರು, ಅವತ್ತೂ ಗೋಡೆಗೆ ಮುಖ ಮಾಡಿಯೇ ನಿಂತರು.

"ಎಂತ ಮಾರಾಯ, ಇವತ್ತು ಎಲ್ಲರಿಗೂ ಒಂದೇ ರೋಗವಾ? ನಮ್ಮ ಫಹಾಹೀಲ್ ಅಂಗಡಿಯಲ್ಲಿ ಜಾರ್ಜ್ ಕೂಡ ಬಾಗಿಲು ಹಾಕಿ ಕಂಪ್ಯೂಟರ್ ಎದುರು ಕೂತಿದ್ದಾನಂತೆ. ಗಿರಾಕಿ ಹೊರಗೆ ನಿಂತು ಬೈತಾ ಉಂಟು."

ನನ್ನ ಕೈ ಮೌಸಿನ ಮೇಲೆಯೇ ನಿಂತಿತು. ಹಿಂದಿನ ಏಲಂನಲ್ಲಿ ಇಂಟರ್ನೆಟ್ ಹೋಗಿ ಒಂದು ಪೆಟ್ಟಿಗೆ ತಪ್ಪಿತ್ತು. ಇನ್ನು ಒಂದೇ ಲೈನ್ ನಂಬುವುದಿಲ್ಲ, ಬೇರೆ ವ್ಯವಸ್ಥೆ ಮಾಡುತ್ತೇನೆ ಎಂದಿದ್ದ ಬು ನಾಸರ್. ವ್ಯವಸ್ಥೆ ಎಂದರೆ ಇದು: ಇನ್ನೊಂದು ಅಂಗಡಿ, ಇನ್ನೊಬ್ಬನ ಹೆಸರಿನಲ್ಲಿ ಇನ್ನೊಂದು ಅಕೌಂಟ್. ಜಾರ್ಜ್ ಅಂಕಲ್ ಊರಿನಲ್ಲಿ ನಮ್ಮ ಪಕ್ಕದ ಇಗರ್ಜಿಯವರು, ಇಲ್ಲಿ ಶುಕ್ರವಾರದ ಪೂಜೆಯಲ್ಲಿ ನನ್ನ ಬದಿಯಲ್ಲೇ ಕೂರುವವರು. ಅವರ ಪಾಸ್‌ಪೋರ್ಟೂ ಅದೇ ಕಪಾಟಿನಲ್ಲಿತ್ತು.

ಫೋನ್ ಹಚ್ಚಿದೆ. ನಾಲ್ಕು ನಿಮಿಷ ಉಳಿದಿತ್ತು, ಮೇಲಿದ್ದದ್ದು ಅವರ ನಂಬರು.

"ಅಂಕಲ್, ಆ ಪೆಟ್ಟಿಗೆಯಿಂದ ಕೈ ತೆಗೆಯಿರಿ."

"ಪುತಾ, ನೀನಾ ಅದು?"

"ಮತ್ಯಾರು? ನಿಮಗೆಂತ ಹೇಳಿದ್ದಾನೆ ಅವನು?"

"ಎಂತ ಹೇಳುವುದು. ಪೆಟ್ಟಿಗೆ ಬಂದರೆ ಪಾಸ್‌ಪೋರ್ಟ್."

ನನ್ನ ತಲೆಗೆ ಬೆಂಕಿ ಹತ್ತಿತು. ಬು ನಾಸರ್ ಮಲಗಿದ್ದ, ಸಿಕ್ಕಿದ್ದು ಇವರು. ನಿಮ್ಮ ಮದುವೆ ಆಗಿದೆ, ಮಕ್ಕಳಾಗಿದ್ದಾರೆ, ಊರಿಗೆ ಹೋಗಿ ನಿಮಗೆ ಇನ್ನು ಆಗಬೇಕಾದದ್ದು ಏನು ಎಂದು ಕೂಗಾಡಿದೆ. ಕಾಸಿಂ ಕುಂಞಿ ಮೆಲ್ಲನೆ ಹೊರಗೆ ಹೋದರು.

"ಎಂತದೂ ಇಲ್ಲ," ಎಂದರು ಜಾರ್ಜ್ ಅಂಕಲ್. "ಒಂದು ಸಲ ನನ್ನ ಮಂಚದಲ್ಲಿ ಮಲಗಬೇಕು, ಅಷ್ಟೇ."

ಗಡಿಯಾರ ಇಳಿಯುತ್ತಿತ್ತು.

"ಒತ್ತು ಪುತಾ. ನಾನು ಇನ್ನು ಏರಿಸುವುದಿಲ್ಲ. ಮದುವೆಯಲ್ಲಿ ಟೋಸ್ಟ್ ಎತ್ತುವಾಗ ನನ್ನ ಹೆಸರು ಒಂದು ಸಲ ಹೇಳು."

ಒತ್ತಿದೆ. ಐದು ನಿಮಿಷ ಆ ನಂಬರು ಅಲುಗಲಿಲ್ಲ. ಪೆಟ್ಟಿಗೆ ಕ್ಲೇಟನ್ ಲೋಬೊನದಾಯಿತು.

ಸಂಜೆ ಬು ನಾಸರ್ ಬಂದು ಪರದೆ ನೋಡಿದ. ಮಿತಿಯ ದುಪ್ಪಟ್ಟು. ಎರಡೂ ನಂಬರು ತನ್ನವೇ ಎಂದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೇ ಲಾಯದ ಎರಡು ಕತ್ತೆಗಳು ಎಂದು ಬೈದ. ಹೊಡೆಯುತ್ತಾನೆಂದು ಗಟ್ಟಿಯಾಗಿ ನಿಂತಿದ್ದೆ. ಅವನು ಕಪಾಟು ತೆರೆದು ಒಂದು ಪಾಸ್‌ಪೋರ್ಟ್ ತೆಗೆದು ಕಾಸಿಂ ಕುಂಞಿಯವರ ಕಡೆ ಎಸೆದ.

"ಫಹಾಹೀಲಿನವನು ಖಲಾಸ್. ಅವನ ಅಕೌಂಟಿನಲ್ಲಿ ಒಂದು ಬಾಟಲಿಯೂ ಇಲ್ಲ, ಅವನಿಂದ ನನಗೇನು? ಊರಿಗೆ ಹೋಗಲಿ."

ಮತ್ತೆ ನನ್ನ ಪಾಸ್‌ಪೋರ್ಟ್ ಎಂದು ಕೇಳಿದೆ. ಅವನು ನಿಜವಾಗಿಯೂ ಆಶ್ಚರ್ಯಪಟ್ಟ. ಇಷ್ಟು ದೊಡ್ಡ ಮಾಲನ್ನು ಹೆಸರಿನಲ್ಲಿ ಇಟ್ಟುಕೊಂಡವನನ್ನು ಹೇಗೆ ಬಿಡುವುದು, ನೀನು ತಿರುಗಿ ಬಾರದಿದ್ದರೆ ಸಹಿ ಹಾಕುವವರು ಯಾರು ಎಂದ. ಎಷ್ಟು ದಿನ ಎಂದು ಕೇಳಿದೆ.

"ನೀನೇ ಓದಿದೆಯಲ್ಲ," ಎಂದ. "ಹತ್ತು ವರ್ಷ ಮಲಗಬೇಕು."

ಕಪಾಟಿಗೆ ಬೀಗ ಹಾಕಿ ನಮಾಜಿಗೆ ಹೋದ.

ನಾನು ಅದೇ ಕುರ್ಚಿಯಲ್ಲಿ ಮತ್ತೆ ಕೂತೆ. ಅವನ ಮಾತನ್ನೇ ಹಿಡಿದುಕೊಂಡೆ: ಅಕೌಂಟಿನಲ್ಲಿ ಏನೂ ಇಲ್ಲದವನು ಹೋಗಬಹುದು. ಗೋದಾಮಿನ ಪುಟ ತೆರೆದರೆ ಮೂರು ವರ್ಷ ಕೊಂಡದ್ದರಲ್ಲಿ ಅವನು ಕುಡಿದು ಉಳಿದದ್ದೆಲ್ಲ, ಇವತ್ತಿನದೂ ಸೇರಿ, ಸಾಲಾಗಿ ಮಲಗಿತ್ತು, ಪ್ರತಿಯೊಂದರ ಮಗ್ಗುಲಿಗೂ ನನ್ನ ಹೆಸರು, ಅದರ ಪಕ್ಕದಲ್ಲಿ ಮಾರುವ ಬಟನ್. ಎಂಬತ್ತಾರರ ಪೆಟ್ಟಿಗೆಯಿಂದ ಶುರುಮಾಡಿದೆ. ಕನಿಷ್ಠ ಬೆಲೆ ಎಷ್ಟು ಎಂದು ಕೇಳಿತು, ಖಾಲಿ ಬಿಟ್ಟೆ. ಹಣ ಅವನ ಬ್ಯಾಂಕಿಗೇ ಹೋಗುತ್ತದೆ. ಕಳ್ಳತನದ ಕೇಸ್ ಹಾಕುವುದಾದರೆ ಹಾಕಲಿ, ಯಾವ ಮಾಲು ಎಂದು ಪೊಲೀಸರಿಗೆ ಅವನೇ ಹೇಳಲಿ. ಕೊನೆಯ ಬಾಟಲಿಯವರೆಗೂ ಒತ್ತಿದ ಮೇಲೆ ಪರದೆಯಲ್ಲಿ ಬಂತು: ನಿಮ್ಮ ಮಾಲು ಮುಂದಿನ ಏಲಂನಲ್ಲಿ, ಫೆಬ್ರವರಿ ಕೊನೆಗೆ.

ಜನವರಿಯಲ್ಲಿ ಏಲಂ ಇರಲಿಲ್ಲ.

ಆಗಲೇ ಜಾರ್ಜ್ ಅಂಕಲ್ ಅವರ ಫೋನ್ ಬಂತು. ಪಾಸ್‌ಪೋರ್ಟ್ ಕೈಗೆ ಬಂದಿತ್ತು, ಅವರ ದನಿಯಲ್ಲಿ ಸಂತೋಷವಿರಲಿಲ್ಲ. ಐವಿಯ ಮನೆಗೆ ತಾನೇ ಹೋಗುತ್ತೇನೆ, ಏನು ಹೇಳಲಿ ಎಂದು ಕೇಳಿದರು.

"ಫೆಬ್ರವರಿ ಮುಗಿದ ಮೇಲೆ ಬರ್ತೇನೆ ಅಂತ ಹೇಳಿ."

"ಪುತಾ, ಆಗ ತಪಸ್ಸಿನ ಕಾಲ. ಇಗರ್ಜಿಯಲ್ಲಿ ಯಾರು ಮದುವೆ ಮಾಡಿಸ್ತಾರೆ?"

"ಹಾಗಾದರೆ ತಪಸ್ಸು ಮುಗಿದು ಈಸ್ಟರ್ ಅನ್ನಿ," ಎಂದೆ. "ಅವಳಿಗೇ ಹೇಳಿ. ಅಪ್ಪನಿಗೆ ಹೇಳಬೇಡಿ."