ಗಿಡ್ಡ ರಿಂಕಿನ ಗೋಲುಗಳು

ಟಾರ್ವಿಕ್‌ನ ಐಸ್ ಹಾಕಿ ತಂಡದಲ್ಲಿ ಒಂಬತ್ತನೇ ನಂಬರಿನ ಅಂಗಿ ತೊಟ್ಟವರು ಹಲವರಿದ್ದರೂ ಊರು ನೆನಪಿಟ್ಟುಕೊಂಡಿರುವುದು ಇಬ್ಬರನ್ನು ಮಾತ್ರ. ಒಬ್ಬರು ಓರೆಸ್ಟ್ ಹಾವ್ರಿಲುಕ್, ನನ್ನ ಹೆಂಡತಿ ನಾಡಿಯಾಳ ತಂದೆ. ಅವರು ಆಡಿದ್ದು ಐವತ್ತರ ದಶಕದಲ್ಲಿ, ಗೋಲ್‌ಕೀಪರುಗಳು ಮುಖಕ್ಕೆ ಏನೂ ಕಟ್ಟಿಕೊಳ್ಳದೆ ನಿಲ್ಲುತ್ತಿದ್ದ ಕಾಲದಲ್ಲಿ. ಇನ್ನೊಬ್ಬ ಡ್ವೇನ್ ಲವಾಲಿ. ಅವನು ಮೆರೆದದ್ದು ಎಂಬತ್ತರ ದಶಕದ ಕೊನೆಗೆ. ಈಗ ಊರಿನ ನಲ್ಲಿ, ಪೈಪು, ಬಾಯ್ಲರುಗಳೆಲ್ಲ ಅವನ ಕೈಯಲ್ಲಿವೆ. ಜನವರಿಯಲ್ಲಿ ಪೈಪು ಹೆಪ್ಪುಗಟ್ಟಿ ಒಡೆದರೆ ಮಾವನ ಮನೆಗೂ ಅವನೇ ಬರಬೇಕು.

ಇಬ್ಬರಲ್ಲಿ ಯಾರು ದೊಡ್ಡವರು ಎಂಬ ವಾದ ಬೆವ್ ಟರ್ಕಾಟ್‌ಳ ಕೆಫೆಯ ಉದ್ದನೆಯ ಮೇಜಿನಲ್ಲಿ ಮೂವತ್ತು ವರ್ಷಗಳಿಂದ ನಡೆದಿತ್ತು. ನಮ್ಮ ಬಯಲುಸೀಮೆಯ ಪ್ರತಿ ಊರಿನಲ್ಲೂ ಅಂಥದೊಂದು ಮೇಜಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಕೆಲಸವಿದ್ದವರೂ ಇಲ್ಲದವರೂ ಬಂದು ಕೂರುತ್ತಾರೆ, ದಾಳ ಉರುಳಿಸಿ ಸೋತವನ ಕೈಯಲ್ಲಿ ಎಲ್ಲರ ಕಾಫಿಯ ದುಡ್ಡು ಕಟ್ಟಿಸುತ್ತಾರೆ, ಗೋಧಿ ಬೆಲೆಯಿಂದ ಹಿಡಿದು ಪ್ರಧಾನಿಯ ಭವಿಷ್ಯದವರೆಗೆ ಎಲ್ಲವನ್ನೂ ತೀರ್ಮಾನಿಸುತ್ತಾರೆ. ತೀರ್ಮಾನವಾಗದೆ ಉಳಿದದ್ದು ಇದೊಂದೇ. ಮಾವ ಮೇಜಿನ ಈ ತುದಿಗೆ, ಡ್ವೇನ್ ಆ ತುದಿಗೆ ಕೂರುತ್ತಿದ್ದರು. ಹಾಲಿನ ಜಗ್ಗು ಬೇಕಾದರೂ ಒಬ್ಬರನ್ನೊಬ್ಬರು ನೇರವಾಗಿ ಕೇಳುತ್ತಿರಲಿಲ್ಲ.

ಈ ಚಳಿಗಾಲ ಆ ವಾದಕ್ಕೆ ಗಡುವು ಬಂತು. ಈಗಿನ ರಿಂಕ್, ಅಂದರೆ ಐಸ್ ಹಾಕಿಯ ಅಂಕಣ, ಕಟ್ಟಿ ಐವತ್ತು ವರ್ಷ ತುಂಬಿದ್ದರಿಂದ ಒಂಬತ್ತನೇ ನಂಬರನ್ನು ಇನ್ನು ಯಾರಿಗೂ ಕೊಡದೆ, ಆ ಅಂಗಿಯನ್ನು ಗೌರವಾರ್ಥವಾಗಿ ಛಾವಣಿಯ ತೊಲೆಗೆ ನೇತುಹಾಕಬೇಕೆಂದು ರಿಂಕ್ ಸಮಿತಿ ಗೊತ್ತುಮಾಡಿತು. ಅಂಗಿ ಒಂದೇ, ಬೆನ್ನ ಮೇಲಿನ ಹೆಸರೂ ಒಂದೇ. ಇಬ್ಬರ ಹೆಸರನ್ನೂ ಹೊಲಿಸಿಬಿಡಿ ಎಂದು ಪಾದ್ರಿಗಳು ಸೂಚಿಸಿದರಂತೆ. ಒಂದು ಅಂಗಿಯಲ್ಲಿ ಇಬ್ಬರು ತೂರುವುದಿಲ್ಲ ಎಂದು ಸಮಿತಿಯ ಅಧ್ಯಕ್ಷೆಯೂ ಆಗಿರುವ ಬೆವ್ ಅವರ ಬಾಯಿ ಮುಚ್ಚಿಸಿದಳಂತೆ. ಕಾಫಿ ಮೇಜಿನವರು ಕೈಯೆತ್ತಿ ಆರಿಸುವುದು, ಅದಕ್ಕೆ ಮೊದಲು ಪೆನ್ನರ್ ಮೇಷ್ಟ್ರು ಎರಡು ಕಾಲದ ಆಟವನ್ನೂ ತೂಗಿ ಲೆಕ್ಕ ಹೇಳುವುದು ಎಂದು ಒಪ್ಪಂದವಾಯಿತು.

ಪೆನ್ನರ್ ಮೇಷ್ಟ್ರು ಎಂದರೆ ನಾನು. ಇದೇ ಊರಿನ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ನಾನು ಮಾವನ ಅಳಿಯನಲ್ಲವೇ ಎಂದು ಯಾರೋ ಆಕ್ಷೇಪ ತೆಗೆದರು. ಅದಕ್ಕೆ ಡ್ವೇನ್, ಮೇಷ್ಟ್ರು ತಮ್ಮ ಸ್ವಂತ ಮಗನನ್ನೇ ಫೇಲು ಮಾಡಿದವರು, ನನಗೇನೂ ಭಯವಿಲ್ಲ ಎಂದ. ಆ ಮಾತಿಗೆ ನಾನು ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ.

ಮಾವನಿಗೆ ಎಂಬತ್ತೊಂಬತ್ತು. ಆ ಅಂಗಿ ತನಗೆ ಬೇಕೆಂದು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಕಳೆದ ಸಲ ರಿಂಕಿಗೆ ಕರೆದುಕೊಂಡು ಹೋಗಿದ್ದಾಗ ಅಪ್ಪ ಆಟ ನೋಡುವುದು ಬಿಟ್ಟು ತೊಲೆಗಳನ್ನೇ ನೋಡುತ್ತ ಕೂತಿದ್ದರು ಎಂದು ನಾಡಿಯಾ ನನಗೆ ಹೇಳಿದ್ದಳು. ಹೇಳಿ, ಸುಮ್ಮನೆ ನನ್ನ ಮುಖ ನೋಡಿದ್ದಳು.

ನಾನು ಲೈಬ್ರರಿಗೆ ಹೋಗಿ ಹಳೆಯ ವಾರಪತ್ರಿಕೆಗಳನ್ನು ಹರವಿಕೊಂಡು ಕೂತೆ. ಕಾಲ ಬೇರೆಯಾದಾಗ ಗೋಲುಗಳನ್ನು ಸುಮ್ಮನೆ ಎಣಿಸಿ ಹೋಲಿಸುವುದು, ಅಂದಿನ ಒಂದು ಡಾಲರನ್ನು ಇಂದಿನ ಒಂದು ಡಾಲರಿನ ಪಕ್ಕ ಇಟ್ಟು ಎರಡೂ ಒಂದೇ ಎಂದ ಹಾಗೆ. ಡ್ವೇನ್ ಹೊಡೆದ ಗೋಲುಗಳು ಹೆಚ್ಚು, ನಿಜ. ಆದರೆ ಅವನ ಕಾಲದಲ್ಲಿ ಎಲ್ಲರೂ ಹೊಡೆಯುತ್ತಿದ್ದರು. ಸೋತ ತಂಡ ಕೂಡ ಐದು ಗೋಲು ಹಾಕಿ ಮನೆಗೆ ಹೋಗುತ್ತಿತ್ತು. ಮಾವನ ಕಾಲದಲ್ಲಿ ಒಂದು ಪಂದ್ಯಕ್ಕೆ ಎರಡು ಗೋಲು ಬಿದ್ದರೆ ದೊಡ್ಡದು. ಕೋಲು ನೆಟ್ಟಗಿತ್ತು, ತುದಿ ಬಾಗಿರಲಿಲ್ಲ. ಯಂತ್ರದಿಂದ ಹೆಪ್ಪುಗಟ್ಟಿಸಿದ ನೆಲವೂ ಆಗ ಇರಲಿಲ್ಲ. ದೇವರು ಕೊಟ್ಟ ಚಳಿಯಲ್ಲಿ ಗಟ್ಟಿಯಾದ ನೀರು, ಆಟ ಅರ್ಧವಾಗುವಷ್ಟರಲ್ಲಿ ಅದರ ಮೇಲೆ ಪುಡಿ ಎದ್ದು ಪಕ್ ಎಂಬ ರಬ್ಬರ್ ಬಿಲ್ಲೆ ಮುಂದೆ ಹೋಗಲು ಮುಷ್ಕರ ಹೂಡುತ್ತಿತ್ತು. ಹೀಗಾಗಿ ಆಯಾ ಚಳಿಗಾಲದಲ್ಲಿ ಇಡೀ ಲೀಗಿನ ಸರಾಸರಿ ಎಷ್ಟು, ಅದಕ್ಕಿಂತ ಇವರು ಎಷ್ಟು ಪಟ್ಟು ಮೇಲಿದ್ದರು ಎಂದು ಕಂಡುಹಿಡಿದೆ. ಆ ಅಳತೆಯಲ್ಲಿ ಮಾವ ಮುಂದೆ ಬಂದರು. ಕೂದಲೆಳೆಯಷ್ಟಲ್ಲ, ಚೆನ್ನಾಗಿಯೇ ಮುಂದೆ.

ನನಗೆ ಒಳಗೊಳಗೇ ಹಿಗ್ಗಾಯಿತು. ಒಂದೇ ಒಂದು ಸಂಗತಿ ಚೂರು ಚುಚ್ಚುತ್ತಿತ್ತು. ಮಾವ ಬೇರೆ ಊರುಗಳಲ್ಲಿ ಹೊಡೆದದ್ದಕ್ಕಿಂತ ಟಾರ್ವಿಕ್‌ನಲ್ಲಿ ಹೊಡೆದ ಗೋಲುಗಳು ವಿಪರೀತ ಹೆಚ್ಚಿದ್ದವು. ತಮ್ಮ ಊರಿನ ಜನ ಕೂಗಿದರೆ ಯಾರಿಗಾದರೂ ಹುಮ್ಮಸ್ಸು ಬರುತ್ತದೆ, ಅದರ ಮೇಲೆ ಅತ್ತೆಯ ಕೈಯಡುಗೆ ಬೇರೆ ಎಂದುಕೊಂಡು ನಾನು ಮುಂದೆ ಹೋದೆ.

ಭಾನುವಾರ ನಮ್ಮ ಮನೆಯಲ್ಲಿ ಊಟ. ನಾಡಿಯಾ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬುಗಳನ್ನು ಬೇಯಿಸಿ, ಹುರಿದ ಈರುಳ್ಳಿ ಸುರಿದು ತಂದಿಟ್ಟಳು. ಫಲಿತಾಂಶದ ಸುಳಿವು ನನ್ನ ಮುಖದಲ್ಲೇ ಕಂಡಿತೋ ಏನೋ, ಮಾವ ಬಹಳ ಉತ್ಸಾಹದಲ್ಲಿದ್ದರು. ಇದೇ ಊರಿನಲ್ಲಿ ನಡೆದ ಐವತ್ತೇಳರ ಫೈನಲ್‌ನಲ್ಲಿ ತಾವು ಹೊಡೆದ ಗೋಲನ್ನು ಮೇಜಿನ ಮೇಲೇ ಆಡಿ ತೋರಿಸಿದರು. ಉಪ್ಪಿನ ಡಬ್ಬಿ ನಮ್ಮ ಗೋಲು, ಮೆಣಸಿನ ಡಬ್ಬಿ ಎದುರಾಳಿಗಳದು, ಒಂದು ಪಿರೋಗಿ ಸ್ವತಃ ಮಾವ. ನಮ್ಮ ಗೋಲಿನ ಹಿಂದೆ ಪಕ್ ಸಿಕ್ಕಿತು, ನಾಲ್ಕು ಸಲ ಕಾಲು ಒತ್ತಿ ಜಾರಿದೆ, ನಡುಗೆರೆ. ಇನ್ನು ಮೂರು ಸಲ ಒತ್ತಿದೆ, ಗೋಲ್‌ಕೀಪರನ ಮೂಗು ಕಂಡಿತು ಎಂದರು. ಪಿರೋಗಿ ಮೆಣಸಿನ ಡಬ್ಬಿಗೆ ಡಿಕ್ಕಿ ಹೊಡೆಯಿತು.

ನಾನು ಕೈಯಲ್ಲಿದ್ದ ಫೋರ್ಕ್ ಕೆಳಗಿಟ್ಟೆ. ಎಂಥ ಬಲಶಾಲಿಯಾದರೂ ಏಳು ಒತ್ತಿಗೆ ರಿಂಕಿನ ಈ ತಲೆಯಿಂದ ಆ ತಲೆ ಮುಟ್ಟಲು ಸಾಧ್ಯವಿಲ್ಲ.

“ಮಾವ, ಹಳೇ ರಿಂಕು ಎಷ್ಟು ಉದ್ದ ಇತ್ತು?”

“ರಿಂಕು ರಿಂಕಿನಷ್ಟು ಉದ್ದ ಇತ್ತು.”

“ಈಗಿನದರಷ್ಟೇನಾ?”

ಮಾವ ಪಿರೋಗಿಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. “ಆ ಕಡೆ ಗೋಧಿ ಕಣಜ, ಈ ಕಡೆ ರೈಲು ಹಳಿ. ಇದ್ದ ಜಾಗದಲ್ಲಿ ಕಟ್ಟಿದ್ರು. ಸ್ವಲ್ಪ ಗಿಡ್ಡ.”

“ಸ್ವಲ್ಪ ಅಂದ್ರೆ?”

“ಸಾಲಾಗಿ ಮೂರು ಟ್ರಕ್ಕು ನಿಲ್ಲಿಸಬಹುದು, ಅಷ್ಟು ಕಡಿಮೆ.”

ಆ ರಿಂಕು ಸುಟ್ಟುಹೋಗಿ ಎಂಟು ವರ್ಷವಾದ ಮೇಲೆ ನಾನು ಈ ಊರಿಗೆ ಮೇಷ್ಟ್ರಾಗಿ ಬಂದವನು, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ, ಮುಚ್ಚಿಡಬೇಕೆಂದಲ್ಲ. ಅದು ನಮ್ಮ ರಿಂಕು, ಇದೂ ನಮ್ಮ ರಿಂಕು. ನಮ್ಮದನ್ನು ಅಳೆಯಬೇಕು ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಊರಿನಲ್ಲಿ ಗೋಲು ಹೆಚ್ಚಿದ್ದು ಕೂಗಿದ ಜನರಿಂದಲೂ ಅಲ್ಲ, ಅತ್ತೆಯ ಅಡುಗೆಯಿಂದಲೂ ಅಲ್ಲ. ಮಾವ ಗೋಲಿಗೆ ಹತ್ತಿರವಿದ್ದರು, ಅಷ್ಟೇ.

ನನ್ನ ಮುಖ ನೋಡಿ ಮಾವನಿಗೆ ಎಲ್ಲ ಅರ್ಥವಾಗಿಬಿಟ್ಟಿತು. ನಾಡಿಯಾ ಒಳಗೆ ಹೋದದ್ದನ್ನು ಖಾತ್ರಿಮಾಡಿಕೊಂಡು ಮುಂದೆ ಬಾಗಿದರು.

“ಅಳಿಯಾ, ಈ ವಿಷಯ ಅಲ್ಲಿ ಎತ್ತಬೇಡ ಕಣಯ್ಯ. ಕೇಳಿದ್ರೆ ಹೇಳು. ಯಾರೂ ಕೇಳಲ್ಲ.”

ಇಬ್ಬರೂ ಬೇರೆ ಊರುಗಳಲ್ಲಿ ಹೊಡೆದ ಗೋಲುಗಳನ್ನು ಮಾತ್ರ ಹಿಡಿದು ಮತ್ತೆ ಲೆಕ್ಕ ಹಾಕಿದೆ. ಆಗ ಡ್ವೇನ್ ಮುಂದೆ ಬಂದ. ತುಸುವೇ, ಆದರೆ ಅಳತೆಯ ತಪ್ಪು ಎಂದು ತಳ್ಳಿಹಾಕುವಷ್ಟು ತುಸು ಅಲ್ಲ. ನಾಡಿಯಾಳಿಗೆ ಹೇಳಿದೆ. ಅವಳು ಪಾತ್ರೆ ಒರೆಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಪ್ರಯೋಗದ ಅಂಕಿ ತಿದ್ದಿದ ಮಕ್ಕಳಿಗೆ ನೀನು ಸೊನ್ನೆ ಕೊಡುತ್ತಿದ್ದೆ, ನಿನಗೆ ನಾನೇನು ಹೇಳಲಿ ಎಂದಳು. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಅವಳು, “ಆದ್ರೆ ಮುಂದಿನ ಭಾನುವಾರ ಅಪ್ಪನ ಎದುರಿಗೆ ಕೂತು ಉಣ್ಣೋನು ನೀನು, ನಾನಲ್ಲ. ನಾನು ಅಡುಗೆಮನೇಲಿ ಇರ್ತೀನಿ,” ಎಂದಳು.

ಗುರುವಾರ ಕೆಫೆಯಲ್ಲಿ ಕೂರಲು ಜಾಗವಿರಲಿಲ್ಲ. ಹೊರಗೆ ಮೈನಸ್ ಮೂವತ್ತರ ಚಳಿ, ಒಳಗೆ ಒದ್ದೆ ಬೂಟುಗಳ ಮತ್ತು ದಾಲ್ಚಿನ್ನಿ ಬನ್ನುಗಳ ವಾಸನೆ. ಮಾವ ಕ್ಷೌರ ಮಾಡಿಸಿಕೊಂಡು, ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದರು. ಆ ಕೋಟಿನ ಕಡೆ ನೋಡದೆ ನಾನು ಲೆಕ್ಕದ ಕಾಗದಗಳನ್ನು ಬಿಡಿಸಿದೆ.

ಸರಾಸರಿಯ ವಿಷಯ ವಿವರಿಸಿದೆ. ಮಾವ ಮುಂದಿದ್ದಾರೆ ಎಂಬಲ್ಲಿಗೆ ಬಂದಾಗ ಅವರ ಕಡೆಯವರು ಮೇಜು ಗುದ್ದಿದರು. ಮಾವ ಕಪ್ಪಿನೊಳಗೆ ನೋಡುತ್ತ ಕೂತಿದ್ದರು. ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಯಾರೂ ಏನೂ ಕೇಳಲಿಲ್ಲ. ಆದರೆ ಅರ್ಧ ಲೆಕ್ಕವನ್ನು ಪೂರ್ತಿ ಲೆಕ್ಕ ಎಂದು ಒಪ್ಪಿಸುವುದು ನನ್ನಿಂದ ಆಗಲಿಲ್ಲ. ಹಳೆಯ ರಿಂಕು ಮೂರು ಟ್ರಕ್ಕಿನಷ್ಟು ಗಿಡ್ಡವಾಗಿತ್ತು, ಅದನ್ನು ಸೇರಿಸಿದರೆ ಡ್ವೇನ್ ಮುಂದೆ ಬರುತ್ತಾನೆ ಎಂದು ಒಂದೇ ಉಸಿರಿಗೆ ಹೇಳಿ ಕೂತುಬಿಟ್ಟೆ.

ಗುಣಿಸಿ ಭಾಗಿಸಿ ಕೊನೆಗೆ ಮಾವನನ್ನೇ ಕಳೆದರಲ್ಲ ಮೇಷ್ಟ್ರು ಎಂದು ಯಾರೋ ಗೊಣಗಿದರು. ಮಾವ ನನ್ನ ಕಡೆ ತಿರುಗಲಿಲ್ಲ. ಬೆವ್ ಕಾಫಿಯ ಕೆಟಲು ಹಿಡಿದು ನಿಂತಲ್ಲೇ ನಿಂತಿದ್ದಳು. ಆಮೇಲೆ ಅದನ್ನು ಕೆಳಗಿಟ್ಟು, ಹಾಗಾದರೆ ಕೈ ಎತ್ತಿ ಎಂದಳು.

“ಒಂದು ನಿಮಿಷ ತಡಿ, ಬೆವ್,” ಎಂದ ಡ್ವೇನ್.

ಗೆದ್ದವನ ಭಾಷಣ ಎಂದುಕೊಂಡೆವು. ಅವನು ಎದ್ದು ನಿಲ್ಲಲೂ ಇಲ್ಲ. ಮೇಜಿನ ಆ ತುದಿಯಿಂದ ನೇರವಾಗಿ ಮಾವನನ್ನು ನೋಡಿದ.

“ಅಜ್ಜಾ, ಆ ರಿಂಕಲ್ಲಿ ತಿರುಗೋಕೆ ಜಾಗ ಎಲ್ಲಿತ್ತು?”

“ಇರಲಿಲ್ಲ,” ಎಂದರು ಮಾವ. “ತಿರುಗಿದ್ರೆ ಗೋಡೆ, ಇಲ್ಲಾಂದ್ರೆ ಯಾರದ್ದಾದ್ರೂ ಮೊಣಕೈ.”

“ಅದೇ ನೋಡಿ. ನನಗೆ ಓಟ ಬೇಕು. ನಡುಗೆರೆಯಿಂದ ವೇಗ ಹಿಡಿದು ಬಂದ್ರೆ ಮಾತ್ರ ನಾನು ಲವಾಲಿ. ನಿಂತ ಕಡೆ ನಿಂತು ಮೂರು ಜನರ ಮಧ್ಯದಿಂದ ಹೊಡಿ ಅಂದ್ರೆ ನನ್ನ ಕೈಲಾಗ್ತಿರಲಿಲ್ಲ. ಆ ಗಿಡ್ಡ ರಿಂಕಲ್ಲಿ ಬಿಟ್ಟಿದ್ರೆ ನಾನು ಹೊಡೆದಿದ್ರಲ್ಲಿ ಅರ್ಧಾನೂ ಹೊಡೀತಿರಲಿಲ್ಲ.” ಅವನು ನನ್ನ ಕಡೆ ತಿರುಗಿದ. “ಮೇಷ್ಟ್ರೇ, ಗಿಡ್ಡ ಅಂತ ಗೋಲು ಕಳೀತೀರಿ. ಇಕ್ಕಟ್ಟು ಅಂತ ಎಷ್ಟು ಕೂಡಿಸಿದ್ರಿ?”

ಕೂಡಿಸಿರಲಿಲ್ಲ. ಇಕ್ಕಟ್ಟನ್ನು ಯಾವ ಪತ್ರಿಕೆಯೂ ಬರೆದಿಟ್ಟಿರಲಿಲ್ಲ. ಅದು ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ದಾರಿಯೂ ಇಲ್ಲ ಎಂದು ಒಪ್ಪಿಕೊಂಡೆ.

ಆದರೂ ಜನ ಅಂಕಿಯನ್ನು ನಂಬಿದರು. ಅಥವಾ ಬಹುಮಂದಿ ಡ್ವೇನ್ ಆಡುವುದನ್ನು ಕಣ್ಣಾರೆ ಕಂಡಿದ್ದರು, ಮಾವನ ಆಟ ಕಂಡವರು ಬೆರಳೆಣಿಕೆಯಷ್ಟು ಉಳಿದಿದ್ದರು. ಡ್ವೇನ್ ಮಾವನ ಪರವಾಗಿ ಕೈಯೆತ್ತಿದ. ಮಾವ ಯಾರ ಪರವಾಗಿಯೂ ಎತ್ತಲಿಲ್ಲ. ಅಂಗಿ ಡ್ವೇನ್‌ಗೆ ಹೋಯಿತು. ಎಲ್ಲರೂ ಅವನ ಬೆನ್ನು ತಟ್ಟುವಾಗ ಮಾವ ಮೆಲ್ಲಗೆ ಎದ್ದು ಕೋಟಿನ ಗುಂಡಿ ಹಾಕಿಕೊಂಡರು.

ಅವರನ್ನು ನನ್ನ ಟ್ರಕ್ಕಿನಲ್ಲಿ ಮನೆಗೆ ಕರೆದುಕೊಂಡು ಹೊರಟೆ. ಸೀಟು ಮರದ ಹಲಗೆಯಂತೆ ಸೆಟೆದಿತ್ತು. ನಾನು ಕ್ಷಮೆ ಕೇಳಬೇಕೆಂದುಕೊಂಡೆ. ಯಾತಕ್ಕೆ ಎಂದು ಸ್ಪಷ್ಟವಾಗಲಿಲ್ಲ. ರೈಲು ಹಳಿ ದಾಟಿದೆವು. ಈಗ ಅಲ್ಲಿ ಕಣಜವೂ ಇಲ್ಲ, ರಿಂಕೂ ಇಲ್ಲ, ಬರೀ ಹಿಮ.

“ಅರ್ಧಾನೂ ಇಲ್ಲ ಅಂದ. ಕೇಳಿಸಿಕೊಂಡೆಯಾ?” ಎಂದರು ಮಾವ.

“ಕೇಳಿಸ್ತು ಮಾವ.”

“ಎಲ್ಲರ ಮುಂದೆ ಅಂದ.”

“ಹೌದು.”

ಸ್ವಲ್ಪ ದೂರ ಹೋದೆವು. ಅವರು ಕೈಗವಸು ಕಳಚಿ ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದರು.

“ಅವನು ಹೊಡೆದಿದ್ದನ್ನ ಅರ್ಧ ಮಾಡಿದ್ರೆ ನನ್ನದು ಎಷ್ಟು ಜಾಸ್ತಿ ಆಗುತ್ತೆ?”

ಒಬ್ಬ ಮನುಷ್ಯ ಕಾಫಿ ಕುಡಿಯುತ್ತ ಆಡಿದ ಮಾತು ಅಳತೆಯಲ್ಲ, ಅದನ್ನು ಯಾವ ಲೆಕ್ಕಕ್ಕೂ ಹಿಡಿಯಲಾಗದು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನು ನಾನು. ಟ್ರಕ್ಕಿನ ವೇಗ ತಗ್ಗಿಸಿ ಮನಸ್ಸಿನಲ್ಲೇ ಭಾಗಿಸಿದೆ, ಕಳೆದೆ, ಉತ್ತರ ಹೇಳಿದೆ.

“ಅಷ್ಟೊಂದಾ?” ಎಂದ ಮಾವ ಹಿಂದಕ್ಕೆ ಒರಗಿಕೊಂಡರು. “ಇನ್ನೊಂದ್ಸಲ ಹೇಳು.”