ಡಬ್ಬಿಗೆ ಹಾಕದ ಕಲ್ಲು

ಬೇಸಿಗೆಯಲ್ಲಿ ಊಸೆಡೋಮ್ ದ್ವೀಪದ ಕಡಲತೀರ ಊರಿನವರದಲ್ಲ. ಬರ್ಲಿನ್ನಿನಿಂದ ಬಂದವರು ಬೆತ್ತದ ಕುರ್ಚಿ ಹಿಡಿದು, ಮೈಗೆಲ್ಲ ಎಣ್ಣೆ ಬಳಿದುಕೊಂಡು ಬಿದ್ದಿರುತ್ತಾರೆ. ಊರಿನವರು ಅವರ ಹಾಸಿಗೆ ಬಟ್ಟೆ ಒಗೆಯುತ್ತ ಒಳಗಿರುತ್ತಾರೆ. ಚಳಿಗಾಲ ಬಂದು ಕುರ್ಚಿಗಳೆಲ್ಲ ಗೋದಾಮು ಸೇರಿದ ಮೇಲೆ ಬಾಲ್ಟಿಕ್ ಕಡಲು ಮತ್ತೆ ಊರಿಗೆ ಸಿಗುತ್ತದೆ. ಆಗ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಗಾಳಿಗೆ ಮುಖ ಕೊಟ್ಟು, ಯಾರ ಹಂಗೂ ಇಲ್ಲದೆ ನಡೆಯುವ ಸುಖವಿದೆಯಲ್ಲ, ಅದನ್ನು ಊರಿನವರು ಬೇಸಿಗೆಯವರಿಗೆ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಚಳಿಗಾಲಕ್ಕೂ ಬಂದು ಕೂತಾರು!

ಗೆಸೀನೆಗೆ ಆ ನಡಿಗೆಯೇ ಊಟ, ಅದೇ ಔಷಧಿ. ಗಂಡ ಹೋದ ಮೇಲೆ ಮನೆಯಲ್ಲಿ ಅವಳೊಂದಿಗೆ ಮಾತಾಡುತ್ತಿದ್ದುದು ರೇಡಿಯೊ ಒಂದೇ. ಅಕ್ಕ ವೀಬ್ಕೆ ಎರಡು ಬೀದಿ ಆಚೆಗಿದ್ದಳು, ಆದರೆ ಎಂಟು ವರ್ಷ ಇಬ್ಬರಿಗೂ ಮಾತಿರಲಿಲ್ಲ. ತಾಯಿ ತೀರಿಕೊಂಡಾಗ ಅವಳ ಅಂಬರ್ ಮಣಿಗಳ ಸರ ಹಿರಿಯಳೆಂದು ವೀಬ್ಕೆಯ ಪಾಲಾಗಿತ್ತು. ಕಾರಣ ಅಷ್ಟೇ. ಒಂದೇ ಬೇಕರಿಯಲ್ಲಿ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ನಿಂತು ಬ್ರೆಡ್ಡು ಕೊಂಡರು. ಹಟದಲ್ಲಿ ಮಾತ್ರ ಇಬ್ಬರೂ ಒಂದೇ ತಾಯಿಯ ಮಕ್ಕಳು. ಹೋದ ವರ್ಷ ವೀಬ್ಕೆಗೆ ನ್ಯುಮೋನಿಯ ಆಗಿ ಹಾಸಿಗೆ ಹಿಡಿದಾಗ ಗೆಸೀನೆ ತಡೆಯಲಾರದೆ ಕೋಳಿ ಸೂಪು ಕೊಂಡುಹೋದಳು. ವಾಸಿಯಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ಅಪ್ಪನ ಹಳೆಯ ತಗಡಿನ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. "ಗಾಳಿ ತಿರುಗಿದೆ ಕಣೇ. ಬರ್ತೀಯಾ?" ಎಂದಳು. ಅಂದಿನಿಂದ ಇಬ್ಬರೂ ನಡೆಯುತ್ತಿದ್ದರು. ಸರದ ಮಾತನ್ನು ಯಾರೂ ಎತ್ತಲಿಲ್ಲ.

ಬಿರುಗಾಳಿ ಬೀಸಿ ನಿಂತ ಮರುದಿನ ಕಡಲು ತನ್ನ ಹೊಟ್ಟೆಯಲ್ಲಿದ್ದ ಅಂಬರನ್ನು ಕಪ್ಪು ಪಾಚಿಯ ಜೊತೆ ದಡಕ್ಕೆ ತಂದು ಹಾಕುತ್ತದೆ. ಎಷ್ಟೋ ಯುಗದ ಹಿಂದಿನ ಮರದ ಅಂಟು ಕಲ್ಲಾದದ್ದು ಅದು, ಜೇನಿನ ಬಣ್ಣ, ಕಲ್ಲೆಂದು ನಂಬಲಾಗದಷ್ಟು ಹಗುರ. ಅದೇ ಬಣ್ಣದ ಇನ್ನೊಂದೂ ಅಲ್ಲಿ ಬರುತ್ತದೆ: ಯುದ್ಧದ ಬಾಂಬುಗಳಿಂದ ಕಡಲಿಗೆ ಬಿದ್ದ ರಂಜಕದ ಚೂರು. ಒದ್ದೆಯಿದ್ದಷ್ಟು ಹೊತ್ತು ಅದು ಸಾಧುವಾಗಿರುತ್ತದೆ. ಒಣಗಿ, ಒಂದಿಷ್ಟು ಬೆಚ್ಚಗಾದರೆ ತಾನಾಗಿ ಹತ್ತಿಕೊಂಡು ಉರಿಯುತ್ತದೆ. ಅದಕ್ಕೇ ಅಲ್ಲಿ ಸಿಕ್ಕಿದ್ದನ್ನು ಯಾರೂ ಜೇಬಿಗೆ ಹಾಕುವುದಿಲ್ಲ, ನೇರ ಡಬ್ಬಿಗೆ ಹಾಕುತ್ತಾರೆ. ಅಪ್ಪ ಇದಕ್ಕೆ ಇನ್ನೊಂದು ನಿಯಮ ಸೇರಿಸಿದ್ದ: ಡಬ್ಬಿಗೆ ಬಿದ್ದದ್ದು ಇಬ್ಬರದೂ. ಈಸ್ಟರ್ ದಿನ ಮುಚ್ಚಳ ತೆಗೆದು ಒಂದೊಂದೇ ಆರಿಸಿಕೊಳ್ಳಬೇಕು, ಮೊದಲ ಕೈ ಹಿರಿಯಳದು.

ಆ ಜನವರಿಯ ಬೆಳಿಗ್ಗೆ ತೀರದಲ್ಲಿ ಇವರಿಬ್ಬರನ್ನು ಬಿಟ್ಟರೆ ಕಡಲಹಕ್ಕಿಗಳು ಮಾತ್ರ. ಮರಳ ಮೇಲೆ ಮಂಜು ಹೆಪ್ಪುಗಟ್ಟಿ ಹೆಜ್ಜೆಗೊಂದು ಕರಕರ ಸದ್ದು. ವೀಬ್ಕೆ ಆಗಲೇ ಮೂರು ಚೂರು ಹೆಕ್ಕಿ ಡಬ್ಬಿ ಅಲ್ಲಾಡಿಸುತ್ತ ಮುಂದೆ ಹೋಗುತ್ತಿದ್ದಳು.

"ಕನ್ನಡಕ ಮನೇಲೇ ಬಿಟ್ಟು ಬಂದ್ಯೇನೇ?" ಎಂದು ಕೂಗಿದಳು. "ನಿನ್ನ ಕಾಲಡೀಲಿ ಬಿದ್ದಿದ್ರೂ ನಾನೇ ಬಂದು ಎತ್ತಿಕೊಡ್ಬೇಕು!"

"ನಿನ್ನ ಹಂಗೆ ನೆಲ ಮೂಸ್ಕೊಂಡು ನಡೆಯೋಕೆ ನಂಗೆ ಬರಲ್ಲಮ್ಮ. ನಾನು ಕಡಲು ನೋಡೋಕೆ ಬಂದಿರೋದು," ಎಂದಳು ಗೆಸೀನೆ.

ಹಾಗೆ ಹೇಳಿ ಪಾಚಿಯ ಗುಡ್ಡೆಯೊಂದನ್ನು ಬೂಟಿನ ತುದಿಯಿಂದ ಸರಿಸಿದಳು. ಅಡಿಯಲ್ಲಿ ಆಕ್ರೋಟದಷ್ಟು ದೊಡ್ಡದೊಂದು ಜೇನುಬಣ್ಣದ ಗಟ್ಟಿ, ಪಕ್ಕದಲ್ಲಿ ಕಡಲೆಯಷ್ಟು ಚಿಕ್ಕದೊಂದು. ಹುಟ್ಟಿದಾಗಿನಿಂದ ಈ ದಡದಲ್ಲಿ ನಡೆದರೂ ಅವಳಿಗೆ ಬಟಾಣಿಗಿಂತ ದೊಡ್ಡದು ಸಿಕ್ಕಿರಲಿಲ್ಲ. ತಲೆಯೆತ್ತಿದಳು. ಅಕ್ಕನ ಬೆನ್ನು ಕಾಣುತ್ತಿತ್ತು. ಡಬ್ಬಿಗೆ ಹಾಕಿದರೆ ಈಸ್ಟರ್ ದಿನ ಮೊದಲು ಒಳಗೆ ಹೋಗುವುದು ಯಾರ ಕೈ? ಅಮ್ಮನ ಸರಕ್ಕೂ ಮೊದಲು ಹೋದದ್ದು ಅದೇ ಕೈ.

ಯೋಚನೆಗೆ ಬೇಕಾದದ್ದು ರೆಪ್ಪೆ ಬಡಿಯುವಷ್ಟು ಹೊತ್ತು. ಗೆಸೀನೆ ದಡ್ಡಿಯಲ್ಲ, ಕರವಸ್ತ್ರವನ್ನು ನೀರಿನಲ್ಲಿ ಅದ್ದಿ, ದೊಡ್ಡದನ್ನು ಅದರಲ್ಲಿ ಸುತ್ತಿ ಕೋಟಿನ ಬಲಜೇಬಿಗೆ ಇಳಿಬಿಟ್ಟಳು. ಚಿಕ್ಕದನ್ನು ಹಾಗೇ ಎಡಜೇಬಿಗೆ ತುರುಕಿದಳು. ದೊಡ್ಡದು ಒದ್ದೆಬಟ್ಟೆಯಲ್ಲಿದೆ, ಚಿಕ್ಕದು ಎಷ್ಟು ಮಹಾ, ಮನೆಗೆ ಹೋದ ಕೂಡಲೇ ಬಟ್ಟಲ ನೀರಿಗೆ ಹಾಕಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆಮೇಲೆ ಸ್ವಲ್ಪ ಹೊತ್ತು ಅವಳಿಗೆ ಕಡಲು ಹಿಂದೆಂದೂ ಕಾಣದಷ್ಟು ಚೆನ್ನಾಗಿ ಕಂಡಿತು. ಕಳ್ಳಸಂತೋಷವಾದರೂ ಸಂತೋಷವೇ.

ಅದು ಹೆಚ್ಚು ಹೊತ್ತು ಬಾಳಲಿಲ್ಲ. ತೇಲುತ್ತಿದ್ದ ಪಾಚಿಗೆ ಕೋಲು ಚಾಚಲು ಹೋದ ವೀಬ್ಕೆಯನ್ನು ಅಲೆಯೊಂದು ಮೊಣಕಾಲಿಗೆ ಬಡಿದು ಕೆಡವಿತು. ಗೆಸೀನೆ ಓಡಿಹೋಗಿ ತೋಳು ಹಿಡಿದು ಎಳೆದುಹಾಕಿದಳು. ಅಕ್ಕನ ಕೋಟು ನೀರು ಕುಡಿದು ಭಾರವಾಗಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು.

"ಬಿಚ್ಚು, ಬಿಚ್ಚು ಅದನ್ನ! ಹೋದ ವರ್ಷ ಸಾಯೋಕೆ ಹೊರಟಿದ್ದು ಸಾಲ್ದಾ?" ಎನ್ನುತ್ತ ಗೆಸೀನೆ ತನ್ನ ದಪ್ಪ ಕೋಟು ತೆಗೆದು ಅಕ್ಕನಿಗೆ ಹೊದಿಸಿದಳು. ಅವಳ ಮೈಮೇಲೆ ಉಣ್ಣೆಯ ಅಂಗಿಗಳು ಎರಡಿದ್ದವು, ಅಷ್ಟು ಸಾಕಿತ್ತು. ವೀಬ್ಕೆಯ ಕೈಗಳು ತೋಳೊಳಗೆ ಇಳಿದು, ಗುಂಡಿ ಹಾಕಿಯಾದ ಮೇಲೆ ಗೆಸೀನೆಗೆ ಜೇಬಿನ ನೆನಪಾಯಿತು.

"ತಾಳು ಅಕ್ಕ, ಜೇಬಲ್ಲಿ ನನ್ನ ಕರವಸ್ತ್ರ ಇದೆ. ತಗೋತೀನಿ."

"ನಂಗೇನು ಕೈ ಇಲ್ವಾ?" ವೀಬ್ಕೆ ಬಲಜೇಬಿಗೆ ಕೈಹಾಕಿದಳು. ಕೈ ಒಳಗೆ ಅರೆಗಳಿಗೆ ತಡೆಯಿತು. ಆಮೇಲೆ ಕರವಸ್ತ್ರ ಹೊರಗೆ ಬಂತು, ಬರೀ ಕರವಸ್ತ್ರ. "ತಗೋ. ಏನೇ ಇದು, ಇಷ್ಟೊಂದು ಒದ್ದೆ? ಯಾರಿಗೋಸ್ಕರ ಅತ್ತೆ?" ಎಂದು ನಕ್ಕಳು.

ಗೆಸೀನೆ ಅಕ್ಕನ ಮುಖ ನೋಡಿದಳು. ಅಲ್ಲಿ ಏನೂ ಬದಲಾಗಿರಲಿಲ್ಲ. ಕಲ್ಲು ತಾನಾಗಿ ಜಾರಿ ಜೇಬಿನ ತಳಕ್ಕೆ ಬಿದ್ದಿರಬೇಕು, ಇವಳಿಗೆ ತಿಳಿದಿಲ್ಲ ಎಂದುಕೊಂಡಳು. ಒದ್ದೆ ಬಟ್ಟೆ ಈಗ ತನ್ನ ಕೈಯಲ್ಲಿತ್ತು, ಬರಿಗಲ್ಲು ಅಕ್ಕನ ತೊಡೆಯ ಹತ್ತಿರ.

ಹೇಳಬೇಕಿತ್ತು. ಒಂದು ಮಾತು, ಅಷ್ಟೇ. ಹೇಳಿದರೆ ಅಕ್ಕ ಡಬ್ಬಿಯನ್ನು ಮರಳಿಗೆ ಎಸೆದು ಮನೆಗೆ ಹೋಗುತ್ತಾಳೆ. ನಾಳೆ ಗೇಟಿನ ಹತ್ತಿರ ಯಾರೂ ಇರುವುದಿಲ್ಲ. ಮತ್ತೆ ಅದೇ ಬೇಕರಿ, ಅದೇ ಬೆನ್ನು, ಅದೇ ರೇಡಿಯೊ. ಅದು ಅಂಬರೇ, ಅಷ್ಟು ಹಗುರವಿತ್ತಲ್ಲ ಎಂದು ಗೆಸೀನೆ ಹೆಜ್ಜೆಹೆಜ್ಜೆಗೂ ಹೇಳಿಕೊಂಡಳು. ನಿಜವಾಗಿ ಹಗುರವಿತ್ತೇ ಎಂದು ಕೇಳಿಕೊಂಡರೆ ಅವಳ ಅಂಗೈಗೆ ನೆನಪೇ ಇರಲಿಲ್ಲ. ನಾಲಿಗೆ ತುದಿಗೆ ಬಂದ ಮಾತನ್ನು ಮೂರು ಸಲ ನುಂಗಿದಳು.

ನಡಿಗೆ ಮುಗಿಯುವುದು ಯಾವಾಗಲೂ ಮೀನು ಹೊಗೆಹಾಕುವ ಯೋಖೆನ್‌ನ ಗುಡಿಸಲಲ್ಲಿ. ಬನ್ನಿನೊಳಗೆ ಹೆರಿಂಗ್ ಮೀನು, ರಮ್ ಬೆರೆಸಿದ ಬಿಸಿನೀರು. ವೀಬ್ಕೆ ಡಬ್ಬಿಯನ್ನು ಮೇಜಿನ ಮೇಲಿಟ್ಟು, ನೇರ ಹೋಗಿ ಒಲೆಯ ಪಕ್ಕದ ಬೆಂಚಿನಲ್ಲಿ ಕೂತಳು.

"ಒಲೆ ಹತ್ರ ಬೇಡ ಅಕ್ಕ, ಈ ಕಡೆ ಬಾ."

"ಚಳಿಗೆ ಸಾಯ್ತಿದೀನಿ, ಒಲೆ ಹತ್ರ ಬೇಡ ಅಂತಾಳಲ್ಲ ಇವಳು! ಕೇಳಿದ್ಯಾ ಯೋಖೆನ್?"

"ನಿಮ್ಮಿಬ್ಬರ ನಡುವೆ ನಾನು ಬರಲ್ಲಮ್ಮ," ಎಂದು ಯೋಖೆನ್ ಲೋಟ ತುಂಬಿಸಿದ.

"ಕೋಟಾದ್ರೂ ಕೊಡು. ಒಳಗೆ ಬಂದಾಯ್ತಲ್ಲ," ಎಂದ ಗೆಸೀನೆಯ ಧ್ವನಿ ಅವಳಿಗೇ ವಿಚಿತ್ರವಾಗಿ ಕೇಳಿತು.

"ಬೆಚ್ಚಗಾಗ್ಲಿ ತಾಳೇ. ನಿನ್ನ ಕೋಟು ನಾನೇನು ತಿಂದುಬಿಡ್ತೀನಾ?"

ಗೆಸೀನೆ ಎದ್ದು ನಿಂತಳು. ಈಗ ಹೇಳಿಯೇಬಿಡುತ್ತೇನೆ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಬೆಳ್ಳುಳ್ಳಿ ಹುರಿದಂಥ ವಾಸನೆ ಬಂತು. ಆ ದಡದಲ್ಲಿ ಹುಟ್ಟಿದವರಿಗೆ ಅದು ರಂಜಕವೆಂದು ಹೇಳಿಕೊಡಬೇಕಾಗಿಲ್ಲ. ಕೋಟಿನ ಬಲಜೇಬಿನಿಂದ ದಟ್ಟ ಬಿಳಿಹೊಗೆ ಎದ್ದು, ಹಿಂದೆಯೇ ಬೆಂಕಿ ಹೊರಗೆ ನುಗ್ಗಿತು. ವೀಬ್ಕೆ ಕಿರುಚುತ್ತ ಕೈಯಿಂದ ತಟ್ಟಿದಳು. ಉರಿ ಕೈಗೂ ಅಂಟಿತು. ಯೋಖೆನ್ ಗುಂಡಿ ಕಿತ್ತು ಕೋಟನ್ನು ಎಳೆದು ಬಾಗಿಲಾಚೆ ಎಸೆದ. ಮೀನು ತೊಳೆಯುವ ಬಕೆಟ್ಟುಗಳನ್ನು ಒಂದರ ಹಿಂದೆ ಒಂದರಂತೆ ಅವಳ ತೊಡೆಯ ಮೇಲೆ ಸುರಿದ. ಗೆಸೀನೆ ಅಕ್ಕನ ಕೈಯನ್ನು ನೀರೊಳಗೆ ಅದುಮಿ ಹಿಡಿದು, "ತೆಗೀಬೇಡ, ತೆಗೀಬೇಡ" ಎಂದು ಅಳುತ್ತಿದ್ದಳು. ಹೇಳಬೇಕಾದ ಮಾತು ಮಾತ್ರ ಇನ್ನೂ ಬಾಯಿಗೆ ಬರಲಿಲ್ಲ.

ಆಂಬುಲೆನ್ಸಿನ ಹುಡುಗಿ ಊರಿನವಳೇ ಇರಬೇಕು, ನೋಡಿದ ಕೂಡಲೇ ಒದ್ದೆಬಟ್ಟೆ ಸುತ್ತತೊಡಗಿದಳು. "ಜೇಬಿಗೆ ಹಾಕ್ಕೊಂಡ್ರಾ? ಈ ವಯಸ್ಸಲ್ಲಿ, ಈ ಊರಲ್ಲಿ ಇದ್ಕೊಂಡು?"

ವೀಬ್ಕೆಯ ಮುಖ ಸುಣ್ಣದಂತಾಗಿತ್ತು. "ಹಾಕ್ಕೊಂಡೆ ಕಣಮ್ಮ. ನಾನೇ. ದೊಡ್ಡದು ಸಿಕ್ತು ಅಂತ ಬುದ್ಧಿ ಕೆಟ್ಟಿತ್ತು."

ಗೆಸೀನೆ ತಟ್ಟನೆ ಅಕ್ಕನ ಕಡೆ ತಿರುಗಿದಳು.

"ಒಂದೇನಾ? ಇನ್ನೂ ಇದ್ಯಾ?" ಎಂದಳು ಹುಡುಗಿ.

"ಒಂದೇ."

ಹುಡುಗಿಯ ಜೊತೆಗಾರ ಬಾಗಿಲಾಚೆ ಉರಿ ಆರಿ ಬಿದ್ದಿದ್ದ ಅರೆಸುಟ್ಟ ಕೋಟನ್ನು ವೀಬ್ಕೆಯದೆಂದು ಗಾಡಿಗೆ ಹಾಕಲು ಎತ್ತಿಕೊಂಡ. ಅದರ ಎಡಮಗ್ಗುಲು ಅವನ ಎದೆಗೆ ಒತ್ತಿಕೊಂಡಿತ್ತು.

"ಕೆಳಗೆ ಹಾಕಪ್ಪ!" ಗೆಸೀನೆ ಕೂಗಿದಳು. "ಎಡಜೇಬಲ್ಲಿ ಇನ್ನೊಂದಿದೆ. ಅವಳಿಗೆ ಗೊತ್ತಿಲ್ಲ. ಎರಡೂ ಹಾಕಿದ್ದು ನಾನು. ಅಕ್ಕನಿಗೆ ಕಾಣಬಾರ್ದು ಅಂತ ಕದ್ದು ಹಾಕಿದ್ದು. ಕೋಟು ನಂದು."

ಅವನು ಕೋಟು ಕೈಬಿಟ್ಟ. ಸ್ಟ್ರೆಚರಿನ ಮೇಲಿದ್ದ ವೀಬ್ಕೆ ಕಣ್ಣು ಮುಚ್ಚಿಕೊಂಡಳು.

"ನಾನು ಮುಚ್ಚಿಹಾಕಿದ್ನಲ್ಲೇ, ಹಾಳಾದೋಳೆ," ಎಂದಳು ಹಲ್ಲು ಕಚ್ಚಿ. "ಕರವಸ್ತ್ರದಿಂದ ಅದನ್ನ ಬಿಡಿಸಿದ್ದೇ ನಾನು. ಮುಟ್ಟಿದ ತಕ್ಷಣ ಗೊತ್ತಾಯ್ತು, ಬಚ್ಚಿಟ್ಟಿದೀಯ ಅಂತ. ಅಂಬರು ಅಂದ್ಕೊಂಡು ಅಲ್ಲೇ ಬಿಟ್ಟೆ. ಹೊರಗೆ ತೆಗೆದಿದ್ರೆ ನಿನ್ನ ಮುಖ ನೋಡ್ಬೇಕಾಗ್ತಿತ್ತು. ನಾಚಿಕೆಗೆ ನೀನು ನಾಳೆಯಿಂದ ಬರ್ತಿರ್ಲಿಲ್ಲ. ಇನ್ನೊಂದು ಎಂಟು ವರ್ಷ ನಾನು ಎಲ್ಲಿಂದ ತರ್ಲಿ?"

ಗೆಸೀನೆ ಅಕ್ಕನ ಕಡೆ ಒಂದು ಹೆಜ್ಜೆ ಇಟ್ಟಳು. ಮುಟ್ಟಲು ಸುಟ್ಟಿರದ ಜಾಗವೆಲ್ಲಿದೆ ಎಂದು ತಿಳಿಯದೆ ಹಾಗೇ ನಿಂತಳು.

"ಅಲ್ಲೇನು ನಿಂತಿದೀಯ? ಮೊದಲು ಅದನ್ನ ಡಬ್ಬಿಗೆ ಹಾಕು."

ಯೋಖೆನ್‌ನ ಮೀನಿನ ಚಿಮಟಿಗೆಯಿಂದ ಗೆಸೀನೆ ಎಡಜೇಬಿನಲ್ಲಿದ್ದ ಕಡಲೆಯಷ್ಟು ಚೂರನ್ನು ಹಿಡಿದು ತೆಗೆದಳು. ಅಂಬರೋ, ಬೆಂಕಿಯೋ, ನೋಡಿದರೆ ತಿಳಿಯುವಂತಿರಲಿಲ್ಲ. ಅಪ್ಪನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಗಾಡಿಯ ಬಾಗಿಲು ಮುಚ್ಚುವ ಮುನ್ನ ಒಳಗಿನಿಂದ ಅಕ್ಕನ ಧ್ವನಿ ಕೇಳಿತು. ನೋವಿನಲ್ಲಿ ಅದು ಅರ್ಧಕ್ಕರ್ಧ ಇಳಿದಿತ್ತು.

"ಈಸ್ಟರಿಗೆ ಮೊದಲ ಕೈ ನಂದೇ. ನೆನಪಿರ್ಲಿ."

ಗಾಡಿ ಪೈನ್ ಮರಗಳ ಆಚೆ ತಿರುಗುವವರೆಗೆ ಗೆಸೀನೆ ಕೋಟಿಲ್ಲದೆ ಆ ಗಾಳಿಯಲ್ಲಿ ಡಬ್ಬಿ ಹಿಡಿದು ನಿಂತಿದ್ದಳು.