‘ಇವರು’ ಎಂಬ ಫೋಲ್ಡರು

ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ಹೆಂಡತಿಯ ಬಾಯಿಂದ ತಮ್ಮ ಹೆಸರು ಒಮ್ಮೆ ಕೇಳಬೇಕೆಂಬ ಗೋಪಾಲರಾಯರ ಆಸೆ ಆಸೆಯಾಗಿಯೇ ಉಳಿದಿತ್ತು. ಸುಮಿತ್ರಾಬಾಯಿಗೆ ಅವರು ಬರೀ ‘ಇವರು’. ಗಂಡನ ಹೆಸರು ಹೇಳಬಾರದೆಂದು ತವರಿನಲ್ಲಿ ಕಲಿಸಿದ್ದನ್ನು ಆಕೆ ಬಿಡುವ ಪೈಕಿ ಅಲ್ಲ.

ಚಿತ್ತಾಪುರ ಬಸ್‌ಸ್ಟ್ಯಾಂಡಿನ ಎದುರು ಇಬ್ಬರದೂ ಡಿಟಿಪಿ ಅಂಗಡಿ. ಟೈಪಿಂಗ್ ಆಕೆಯದು, ಗಿರಾಕಿಗಳ ಜೊತೆ ಹರಟೆ ರಾಯರದು. ಲಗ್ನಪತ್ರಿಕೆಯಲ್ಲಿ ಗೋಪಾಲನೆಂಬ ವರ ಬಂದರೆ ಮಾತ್ರ ಆಕೆ ಆ ಜಾಗ ಖಾಲಿ ಬಿಟ್ಟು ರಾಯರಿಂದ ತುಂಬಿಸುತ್ತಿದ್ದಳು. ಕಂಪ್ಯೂಟರಿನ ಪರದೆಯಂತೂ ಫೈಲುಗಳಿಂದ ಕಿಕ್ಕಿರಿದು ಸಂತೆಯಾಗಿತ್ತು. ನೋಡಲಾರದೆ ಕಾಲೇಜಿನ ಕಂಪ್ಯೂಟರ್ ಮಾಸ್ತರ ಮಹೇಶಕುಮಾರ ಒಂದು ಸಿ.ಡಿ. ತಂದುಕೊಟ್ಟ. ಒಂದು ಸಲ ಒತ್ತಿದರೆ, ಒಂದೇ ಹೆಸರಿನಿಂದ ಶುರುವಾಗುವ ಫೈಲುಗಳೆಲ್ಲ ತಾವಾಗಿ ಒಂದು ಫೋಲ್ಡರು ಸೇರುತ್ತವಂತೆ.

ಸುಮಿತ್ರಾಬಾಯಿ ಗುಡಿಗೆ ಹೋದದ್ದೇ ತಡ, ರಾಯರು ಒತ್ತಿಯೇಬಿಟ್ಟರು. ಪರದೆ ಬಟಾಬಯಲಾಯಿತು. ಅಷ್ಟರಲ್ಲಿ ವಾಡಿಯ ಪದ್ಮಜಾ ಬಂದು ತನ್ನ ತಮ್ಮ ಗೋಪಾಲನ ಲಗ್ನಪತ್ರಿಕೆ ಕೇಳಿದಳು. ಆ ಹೆಸರಿನ ಫೋಲ್ಡರೇ ಇಲ್ಲ. ಬದಲಿಗೆ ‘ಇವರು’ ಎಂಬುದೊಂದು ಕುಳಿತಿತ್ತು. ಹೆಂಡತಿ ತಮಗಾಗಿ ಏನನ್ನೋ ಜೋಪಾನ ಮಾಡಿಟ್ಟಿದ್ದಾಳೆಂದು ರಾಯರು ಹಿಗ್ಗಿ ತೆರೆದರು.

‘ಇವರು ಜವಳ’. ‘ಇವರು ವರ್ಗಾವಣೆ’. ‘ಇವರು ಮದುವೆ, ವಾಡಿ’. ‘ಇವರು ವೈಕುಂಠ ಸಮಾರಾಧನೆ’.

ತಮ್ಮ ಹದಿಮೂರನೆಯ ದಿನದ ಊಟಕ್ಕೆ ತಮ್ಮ ಅಂಗಡಿಯಲ್ಲೇ ಪತ್ರಿಕೆ ತಯಾರಾದದ್ದು ಕಂಡು ರಾಯರ ಎದೆ ಧಸಕ್ಕೆಂದಿತು. ಬಗ್ಗಿ ನೋಡಿದ ಪದ್ಮಜಾ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡಳು.

ಕುಂಕುಮ, ತೀರ್ಥ ಹಿಡಿದು ಬಂದ ಸುಮಿತ್ರಾಬಾಯಿ ವಿಷಯ ತಿಳಿದು ನಾಚಿದಳು. ಊರ ಗೋಪಾಲರ ಫೈಲುಗಳಿಗೆಲ್ಲ ಬೇರೆ ಯಾವ ಹೆಸರು ಕೊಡಬೇಕಿತ್ತು ತಾನು ಎಂದು ಗೊಣಗುತ್ತಲೇ ಪತ್ರಿಕೆ ಪ್ರಿಂಟು ತೆಗೆದು ಪದ್ಮಜಾಳ ಕೈಗಿಟ್ಟಳು.

ಪದ್ಮಜಾ ಹೋದ ಮೇಲೂ ರಾಯರ ಮುಖ ಅರಳಲಿಲ್ಲ. ಅವರಿಗೆ ನಿಜವಾಗಿ ನೋವಾಗಿತ್ತು.

“ಹೆಸರು ಹೇಳದಿದ್ರೂ ‘ಇವರು’ ಅಂದ್ರ ನಾನೊಬ್ಬನೇ ಅಂತ ತಿಳ್ಕೊಂಡಿದ್ದೆ,” ಎಂದರು. “ಹಾದ್ಯಾಗ ಹೋಗೋ ಗೋಪಾಲರೆಲ್ಲಾ ನಿನಗ ‘ಇವರು’ ಏನು?”

ಸುಮಿತ್ರಾಬಾಯಿ ಕುರ್ಚಿ ಎಳೆದುಕೊಂಡು ಕುಳಿತು ಫೋಲ್ಡರಿನ ಹೆಸರು ಅಳಿಸಿದಳು. ದಿನವೆಲ್ಲ ಟೈಪು ಮಾಡುವ ಬೆರಳು ಇದೇ ಮೊದಲ ಸಲವೆಂಬಂತೆ ಕೀಲಿಗಳನ್ನು ಹುಡುಕಿ ಹುಡುಕಿ ‘ಗೋಪಾಲ’ ಎಂದು ಒತ್ತಿತು.

“ಹೆಸರು ಬೇಕಾದ್ರ ಆ ಮಂದಿ ಇಟ್ಕೊಳ್ಳಲಿ,” ಎಂದಳು, ಪರದೆಯಿಂದ ಕಣ್ಣು ತೆಗೆಯದೆ. “ಇನ್ನ ಮ್ಯಾಲೆ ‘ಇವರು’ ಅಂದ್ರ ನೀವೊಬ್ರೇ.”